ಕನ್ನಡಿಗೆ ಬೆನ್ನು ಹಾಕಿದ ಯಜಮಾನಿ

ನನ್ನ ಮಗಳ ಕಟಿಂಗ್ ಅಂಗಡಿಗೆ ಹೊಸದಾಗಿ ಬಂದವರು ಯಾರೇ ಆಗಲಿ, ಮೊದಲನೆಯ ಸಲ ಮೋಸ ಹೋಗುತ್ತಿದ್ದರು. ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಕತ್ತರಿಯ ಸದ್ದಿಗೆ ಹಾಯಾಗಿ ಕಣ್ಣು ಮುಚ್ಚಿರುತ್ತಿದ್ದರು. ಅರ್ಧ ತಲೆ ಆಗಿರುತ್ತಿತ್ತೋ ಇಲ್ಲವೋ, ಹಿಂದಿನಿಂದ ಥೇಟ್ ಮಗಳದೇ ದನಿಯಲ್ಲಿ ಕೇಳಿಬರುತ್ತಿತ್ತು: "ಆಯ್ತು, ನೋಡ್ಕೊಳ್ಳಿ!" ಅವರು ಕಣ್ಣು ಬಿಟ್ಟು ಎದ್ದು ನಿಲ್ಲುವುದು, ಮಗಳು ಭುಜ ಒತ್ತಿ ಕೂರಿಸುವುದು.

"ಕೂತ್ಕೊಳ್ಳಿ ಸ್ವಾಮಿ. ಹೇಳಿದ್ದು ನಾನಲ್ಲ, ನಮ್ಮ ಯಜಮಾನಿ."

ಯಜಮಾನಿ ಅಂದರೆ ಗಿಳಿ. ಹಸಿರು ಗಿಳಿಯಲ್ಲ, ಮೈಯೆಲ್ಲ ಬೂದು ಬಣ್ಣ, ಬಾಲ ಮಾತ್ರ ಯಾರೋ ಕುಂಚ ಅದ್ದಿ ತೆಗೆದ ಹಾಗೆ ಕೆಂಪು. ಊರು ಬಿಟ್ಟು ಹೋದ ಗಿರಾಕಿಯೊಬ್ಬರು ಅದನ್ನು ಮರಿಯಾಗಿದ್ದಾಗಲೇ ಮಗಳ ಕೈಗೆ ಕೊಟ್ಟು ಹೋಗಿದ್ದರು. ಮಗಳು ಚಮಚದಲ್ಲಿ ತಿನ್ನಿಸಿ ಬೆಳೆಸಿದಳು. ದೊಡ್ಡದಾದ ಮೇಲೆ ಅದರ ಜಾಗ ಮಗಳ ಎಡಭುಜ. ಅಲ್ಲಿ ಕೂತು ಬಂದವರನ್ನೆಲ್ಲ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿತ್ತು. ಆ ನೋಟಕ್ಕೇ ಯಜಮಾನಿ ಎಂಬ ಹೆಸರು ಬಿದ್ದದ್ದು. ಹೆಸರು ಬಿದ್ದ ಮೇಲೆ ನಮ್ಮ ಮನೆಯಲ್ಲಿ ಅದನ್ನು 'ಅದು' ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಇನ್ನು ಮುಂದೆ ನಾನೂ ಅವಳು ಅಂತಲೇ ಬರೆಯುತ್ತೇನೆ.

ಅಂಗಡಿಯ ಎರಡೂ ಗೋಡೆಗೆ ಎದುರುಬದುರಾಗಿ ಉದ್ದಕ್ಕೂ ಕನ್ನಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಯಜಮಾನಿ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಠೀವಿಯಿಂದ ನಡೆಯುತ್ತಾ ಒಳಗಿರುವ ಗೆಳತಿಗೆ ತಲೆ ಬಾಗಿಸುತ್ತಿದ್ದಳು. ತಿನ್ನುತ್ತಿದ್ದ ಬಾದಾಮಿಯ ಚೂರನ್ನು ಗಾಜಿಗೆ ಒತ್ತಿ ಹಿಡಿದು, ತಗೋ ಅನ್ನುವಂತೆ ಕಾಯುತ್ತಿದ್ದಳು. ಗೆಳತಿ ತೆಗೆದುಕೊಳ್ಳದಿದ್ದರೆ ಬೇಜಾರಿಲ್ಲ, ತಾನೇ ತಿನ್ನುತ್ತಿದ್ದಳು. ನಾನು ನೆಲ ಗುಡಿಸುತ್ತಾ, ಟವೆಲ್ ಮಡಿಸುತ್ತಾ ಇದನ್ನು ನೋಡುವುದೇ ಬೆಳಗಿನ ಸುಖ.

ಮಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವಳ ಹಣೆಯ ಮೇಲಿನ ಕೂದಲು ಯಾವಾಗಲೂ ಸೊಟ್ಟ. ಊರಿನವರ ತಲೆಯನ್ನೆಲ್ಲ ಚೊಕ್ಕ ಮಾಡುವವಳ ಹಣೆಗೂದಲು ಇಲಿ ಕಡಿದ ಹಾಗಿರುವುದಕ್ಕೆ ಕಾರಣವಿದೆ. ಅಳುವ ಮಕ್ಕಳು ಬಂದರೆ ಅವಳು ಹಿಡಿದು ಕೂರಿಸುವವಳಲ್ಲ. ತಾನೇ ಕುರ್ಚಿಯಲ್ಲಿ ಕೂತು, ಬಟ್ಟೆ ಹೊದ್ದು, ಮೊಂಡು ಕತ್ತರಿಯನ್ನು ಮಗುವಿನ ಕೈಗೆ ಕೊಟ್ಟು, "ಮೊದಲು ನೀನು ನಂಗೆ ಮಾಡಪ್ಪ, ಆಮೇಲೆ ನಾನು ನಿಂಗೆ" ಅನ್ನುತ್ತಿದ್ದಳು. ಮಗು ಕಚಕ್ ಅಂತ ಒಂದು ಎಳೆ ಕತ್ತರಿಸಿ, ಕಣ್ಣೀರಿನಲ್ಲೇ ನಕ್ಕುಬಿಡುತ್ತಿತ್ತು. ಎಂಥ ಹಟಮಾರಿ ಮಗುವೂ ಅವಳ ಕುರ್ಚಿಯಲ್ಲಿ ಎರಡನೆಯ ಸಲ ಅತ್ತದ್ದಿಲ್ಲ. ಅದು ಅವಳ ಹೆಮ್ಮೆ. ನನ್ನದೂ.

ಇಷ್ಟೆಲ್ಲ ಗೊತ್ತಿದ್ದವಳು ಯಜಮಾನಿಯ ವಿಷಯದಲ್ಲಿ ಮಾತ್ರ ಎಡವಿದಳು.

ಯಜಮಾನಿಯ ಉಗುರುಗಳು ಬೆಳೆದು ಕೊಕ್ಕೆಯಾಗಿದ್ದವು. ಒಂದು ದಿನ ಗಿರಾಕಿಯೊಬ್ಬರ ಉಣ್ಣೆಯ ಅಂಗಿಗೆ ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಅಂಗಿಯ ಎಳೆಯೂ ಬಿಚ್ಚಿತು, ಯಜಮಾನಿಯ ಬೆರಳೂ ಉಳುಕಿತು. ಅದೇ ವಾರ ಗಾಬರಿಯಲ್ಲಿ ಹಾರಿದವಳು ತಿರುಗುವ ಫ್ಯಾನಿನ ಪಕ್ಕದಲ್ಲೇ ಹಾದುಹೋದಳು.

"ಉಗುರು ಉಜ್ಜಿ, ರೆಕ್ಕೆ ತುದಿ ಸ್ವಲ್ಪ ಕತ್ತರಿಸಿಬಿಡ್ತೀನಿ," ಅಂದಳು ಮಗಳು.

"ಪಶುವೈದ್ಯರ ಹತ್ರ ಕರ್ಕೊಂಡು ಹೋಗೋಣ ಕಣೇ."

"ಅಮ್ಮಾ, ಊರಿನ ತಲೆಯೆಲ್ಲ ನನ್ನ ಕೈಲಿದೆ. ಇವಳ ಉಗುರೇನು ಮಹಾ!"

ಯಜಮಾನಿಯನ್ನು ಹಿಡಿಯಲು ಬಂದವನು ಪಕ್ಕದ ಬೇಕರಿಯವನು. ಅವನ ತಲೆಯಲ್ಲಿ ಕೂದಲು ಹುಡುಕಬೇಕು. ಆದರೂ ವಾರಕ್ಕೊಮ್ಮೆ ತಪ್ಪದೆ ಬಂದು ಕೂರುತ್ತಾನೆ, ಗಡ್ಡದ ನೆಪ, ಹರಟೆಯ ಆಸೆ. "ಹಿಟ್ಟು ನಾದೋ ಕೈ ಇದು, ಎಲ್ಲಿಗೆ ಹೋಗ್ತಾಳೆ?" ಅಂತ ತೋಳು ಮಡಿಸಿಕೊಂಡ.

ನಾನು ಅಂಗಡಿಯ ಹಿಂದಿನ ನಮ್ಮ ಮನೆಯ ಕೋಣೆಯಲ್ಲಿ ಟವೆಲ್ ಹಿಂಡುತ್ತಿದ್ದೆ. ಕಿರುಚಾಟ ಕೇಳಿ ಓಡಿ ಬಂದಾಗ ಕೆಲಸ ಮುಗಿಯುತ್ತಾ ಬಂದಿತ್ತು. ಯಜಮಾನಿ ಗಿರಾಕಿಗಳ ಕುರ್ಚಿಯಲ್ಲೇ ಇದ್ದಳು, ಬಿಳಿ ಟವೆಲ್‌ನಲ್ಲಿ ಸುತ್ತಿ, ಬೇಕರಿಯವನ ಎರಡೂ ಕೈಯೊಳಗೆ. ಕೆಲಸದಲ್ಲಿ ಹೆಸರಿಡುವ ಹಾಗಿರಲಿಲ್ಲ. ಉಗುರು ಒಂದೊಂದೂ ದುಂಡಗೆ, ರೆಕ್ಕೆಯ ತುದಿ ಎರಡೂ ಕಡೆ ಸಮ, ಒಂದು ಹನಿ ರಕ್ತವಿಲ್ಲ. ಕೊನೆಯ ಉಗುರು ಉಜ್ಜಿ ಮುಗಿದದ್ದೇ ತಡ, ಮಗಳ ಕೈ ತಾನೇ ತಾನಾಗಿ ಹಲಗೆಯ ಮೇಲಿನ ಕೈಗನ್ನಡಿಗೆ ಹೋಯಿತು. ಸಾವಿರಾರು ಗಿರಾಕಿಗಳಿಗೆ ಮಾಡಿ ಮಾಡಿ ರೂಢಿಯಾದ ಕೈ ಅದು; ಯೋಚನೆ ಮಾಡಲಿಲ್ಲ. ಕನ್ನಡಿಯನ್ನು ಯಜಮಾನಿಯ ತಲೆಯ ಹಿಂದೆ ಹಿಡಿದು, "ಆಯ್ತು, ನೋಡ್ಕೊಳ್ಳಿ!" ಅಂದಳು.

ಬೇಕರಿಯವನು ಮೈಯೆಲ್ಲ ಕುಲುಕಿಸಿ ನಕ್ಕ. ನಕ್ಕದ್ದಕ್ಕೆ ಅವನ ಹಿಡಿತ ಇನ್ನಷ್ಟು ಬಿಗಿಯಾಯಿತು.

ಯಜಮಾನಿ ನೋಡಿದಳು. ಮುಂದೆ ದೊಡ್ಡ ಕನ್ನಡಿ, ಹಿಂದೆ ಕೈಗನ್ನಡಿ. ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು, ಕೊನೆಯೇ ಇಲ್ಲದ ಹಾಗೆ ಸಾಲಾಗಿ ಅವಳ ಗೆಳತಿಯರು. ಎಲ್ಲರನ್ನೂ ಟವೆಲ್‌ನಲ್ಲಿ ಸುತ್ತಿ, ಎಲ್ಲರನ್ನೂ ದೊಡ್ಡ ದೊಡ್ಡ ಕೈಗಳು ಹಿಡಿದಿದ್ದವು. ಅವಳ ಕೊಕ್ಕು ತೆರೆದೇ ಇತ್ತು, ಸದ್ದು ಮಾತ್ರ ನಿಂತುಹೋಯಿತು.

"ಬಿಡೋ, ಬಿಡು ಅವಳನ್ನ!" ಅಂತ ಕೂಗಿದೆ.

ಬಿಟ್ಟ ಕೂಡಲೇ ಯಜಮಾನಿ ಹಾರಲು ನೋಡಿದಳು. ರೆಕ್ಕೆ ಕೇಳಲಿಲ್ಲ. ನೆಲದ ಮೇಲಿನ ಕೂದಲ ರಾಶಿಯಲ್ಲಿ ಬಿದ್ದು, ಮಗಳು ಎತ್ತಲು ಬಗ್ಗಿದರೆ ಅವಳಿಂದಲೇ ದೂರ ಓಡಿ, ಟವೆಲ್ ಕಪಾಟಿನ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು.

ಎರಡು ಗೋಡೆಗೂ ಕನ್ನಡಿಯಿರುವ ಅಂಗಡಿಯಲ್ಲಿ, ಕನ್ನಡಿಗೆ ಹೆದರಿದವರಿಗೆ ಇರುವುದು ಆ ಒಂದು ಸಂದಿ ಮಾತ್ರ.

ಸಂಜೆಯ ಹೊತ್ತಿಗೆ ಸರಿಹೋಗುತ್ತಾಳೆ ಅಂದುಕೊಂಡೆವು. ಹೋಗಲಿಲ್ಲ. ಮರುದಿನವೂ ಇಲ್ಲ. ಪಂಜರವನ್ನು ಹಿಂದಿನ ಕೋಣೆಗೆ, ಬಟ್ಟೆ ಒಣಗಿಸುವ ತಂತಿಯ ಪಕ್ಕಕ್ಕೆ ತಂದಿಟ್ಟೆವು. ಅಲ್ಲಿ ಕನ್ನಡಿಯಿಲ್ಲ. ಆದರೂ ಮಾತಿಲ್ಲ, ಸಿಳ್ಳಿಲ್ಲ. ಮಗಳ ಹೆಜ್ಜೆ ಸದ್ದು ಕೇಳಿದರೆ ಸಾಕು, ಪುಕ್ಕವನ್ನೆಲ್ಲ ಮೈಗೆ ಅಂಟಿಸಿಕೊಂಡು ಕಡ್ಡಿಯ ಹಾಗೆ ತೆಳ್ಳಗಾಗುತ್ತಿದ್ದಳು. ಮಗಳು ಕೈ ಚಾಚಿದರೆ ಕಿರುಚಿ ಕಂಬಿಯಿಂದ ಕೆಳಗೆ ಬೀಳುತ್ತಿದ್ದಳು. ಆಮೇಲೆ ಎದೆಯ ಪುಕ್ಕ ಕೀಳಲು ಶುರು ಮಾಡಿದಳು. ಬೆಳಿಗ್ಗೆ ಪಂಜರದ ತಳ ಗುಡಿಸಿದರೆ ಬೂದು ಪುಕ್ಕ ಹಿಡಿಹಿಡಿಯಾಗಿ ಬರುತ್ತಿತ್ತು.

ಪಶುವೈದ್ಯೆ ಮನೆಗೇ ಬಂದು ನೋಡಿದರು. ಮೆಲುಮಾತಿನ ಹೆಂಗಸು. ಪಂಜರಕ್ಕೆ ಕೈ ಹಾಕಲಿಲ್ಲ, ಪಕ್ಕಕ್ಕೆ ತಿರುಗಿ ಕೂತು ಓರೆಗಣ್ಣಿನಲ್ಲೇ ನೋಡಿದರು.

"ಮೈಗೇನೂ ಆಗಿಲ್ಲ. ಉಗುರು, ರೆಕ್ಕೆ ಎಲ್ಲ ಚೆನ್ನಾಗೇ ಮಾಡಿದೀರಿ," ಅಂದರು ಮಗಳಿಗೆ. "ಪೆಟ್ಟು ಬಿದ್ದಿರೋದು ನಂಬಿಕೆಗೆ. ಯಾರನ್ನ ಅತಿಯಾಗಿ ನಂಬಿದ್ಲೋ ಅವರೇ ಹಿಡಿಸಿಬಿಟ್ರು ಅಂತ ಅವಳ ಲೆಕ್ಕ."

"ಈಗ ಏನು ಮಾಡ್ಲಿ?" ಅಂದಳು ಮಗಳು.

"ಹಿಡೀಬೇಡಿ, ಮೇಲೆ ಬಟ್ಟೆ ಹಾಕ್ಬೇಡಿ, ದಿಟ್ಟಿಸಿ ನೋಡ್ಬೇಡಿ. ಪಂಜರದ ಬಾಗಿಲು ತೆಗೆದಿಡಿ. ಅವಳೇ ಬರ್ಬೇಕು. ನೀವು ಹೋಗೋ ಹಾಗಿಲ್ಲ."

"ಬರದೇ ಇದ್ರೆ?"

ವೈದ್ಯೆ ಸುಳ್ಳು ಸಮಾಧಾನ ಹೇಳುವವರಲ್ಲ. "ಪುಕ್ಕ ಕೀಳೋದು ಚಟವಾಗಿ ಉಳಿದ್ರೆ ಕಷ್ಟ. ಆಗ ಜಾಗ ಬದಲಾಯಿಸ್ಬೇಕಾಗುತ್ತೆ. ಊರಾಚೆ ಒಬ್ಬರು ದೊಡ್ಡ ಬಲೆಗೂಡು ಕಟ್ಟಿ ಹಕ್ಕಿ ಸಾಕಿದಾರೆ, ಒಳ್ಳೆ ಮನುಷ್ಯರು."

ಅವರು ಹೋದ ಮೇಲೆ ಮಗಳು ಹಕ್ಕಿ ಸಾಕುವ ಆ ಹೆಂಗಸಿಗೆ ಫೋನು ಮಾಡಿಯೇಬಿಟ್ಟಳು. ಗೂಡಿನ ಹೊಸ ಸೂರು ಮುಗಿಯುತ್ತಿದೆ, ಮುಗಿದ ಕೂಡಲೇ ಬಂದು ಕರೆದೊಯ್ಯುತ್ತೇನೆ ಅಂದರಂತೆ.

"ಅಷ್ಟು ಅವಸರ ಏನಿತ್ತೇ?" ಅಂದೆ.

"ನನ್ನ ಕಂಡ್ರೆ ಮೈ ಕಿತ್ಕೊಳ್ತಾಳಮ್ಮ. ನಾನಿರೋ ಮನೇಲಿ ಅವಳು ಹೇಗಿರ್ತಾಳೆ?" ಫೋನನ್ನು ಹಲಗೆಯ ಮೇಲೆ ಕುಕ್ಕಿದಳು. "ನನ್ನ ಹತ್ರ ಯಾವತ್ತಾದ್ರೂ ಒಂದು ಮಗು ಎರಡನೇ ಸಲ ಅತ್ತಿದ್ಯಾ? ಇವಳೊಬ್ಬಳು..."

"ಸೂರು ಮುಗಿಯೋವರೆಗಾದ್ರೂ ನನಗೆ ಬಿಡು."

"ಏನು ಮಾಡ್ತೀಯ?"

"ಏನೂ ಮಾಡಲ್ಲ," ಅಂದೆ. ನಿಜಕ್ಕೂ ಅದೇ ನನ್ನ ಉಪಾಯ.

ತಲೆ ನರೆತ ಮೇಲೆ ರಾತ್ರಿ ಶಾಲೆಗೆ ಸೇರಿದವಳು ನಾನು. ಮೊದಮೊದಲು ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದೆ, ಎದ್ದು ಓಡಲು ಅನುಕೂಲ ಅಂತ. ಟೀಚರ್ ನನ್ನನ್ನು ಮುಂದೆ ಕರೆಯಲಿಲ್ಲ, ಕೈಗೆ ಬಳಪ ತುರುಕಲಿಲ್ಲ. ದಿನಾ ಬೇರೆ ಯಾರಿಗೋ ಪಾಠ ಹೇಳುವ ನೆಪದಲ್ಲಿ ತಮ್ಮ ಸ್ಟೂಲನ್ನು ಒಂಚೂರು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಒಂದು ದಿನ ನೋಡಿದರೆ ಅವರು ನನ್ನ ಪಕ್ಕದಲ್ಲೇ ಇದ್ದರು, ನನಗೆ ಭಯವೇ ಆಗಿರಲಿಲ್ಲ.

ಹಾಗೆಯೇ ನಾನೂ ಹಿಂದಿನ ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡೆ. ಪಂಜರದ ಬಾಗಿಲು ತೆಗೆದು, ಅವಳ ಕಡೆ ಮುಖ ಮಾಡದೆ ಕೂತು, ಪೇಪರ್ ಓದತೊಡಗಿದೆ. ನನ್ನ ಓದು ಇವತ್ತಿಗೂ ಜೋರು ದನಿಯದು, ಬೆರಳು ಅಕ್ಷರದ ಕೆಳಗೆ. ಒತ್ತಕ್ಷರ ಬಂದರೆ ಗಾಡಿ ನಿಲ್ಲುತ್ತದೆ. ಹವಾಮಾನ, ಅಪಘಾತ, ಮನೆ ಬಾಡಿಗೆಗಿದೆ, ಕಳೆದುಹೋದ ನಾಯಿ, ಎಲ್ಲವನ್ನೂ ಓದಿದೆ. ಅವಳ ಕಡೆ ತಿರುಗಲಿಲ್ಲ. ಮರುದಿನ ಕುರ್ಚಿ ಒಂದು ಗೇಣು ಒಳಗೆ. ಅದರ ಮರುದಿನ ಇನ್ನೊಂದು ಗೇಣು. ತೆಳ್ಳಗಾದಳೋ, ನಾನು ಹಿಂದಕ್ಕೆ ಸರಿಯುತ್ತಿದ್ದೆ.

ಬೇಕರಿಯವನು ಕೋಣೆಯ ಬಾಗಿಲ ಪರದೆ ಸರಿಸಿ ಇಣುಕಿದ. ಆ ದಿನದಿಂದ ಅವನ ಮುಖವೂ ಬೇಯದ ಬನ್ನಿನ ಹಾಗಿತ್ತು. "ಅಮ್ಮಾ, ಗಿಳಿಗೆ ನೀವು ಓದು ಕಲಿಸ್ತಿದೀರೋ, ಗಿಳೀನೇ ನಿಮಗೆ ಕಲಿಸ್ತಿದ್ಯೋ?"

"ನಿನಗೆ ಇಬ್ರೂ ಸೇರಿ ಬುದ್ಧಿ ಕಲಿಸ್ತೀವಿ, ಹೋಗು."

ಸೇಬಿನ ಚೂರು ಹಾಗೇ ಒಣಗುತ್ತಿದ್ದದ್ದು, ನಾನು ಓದುವಾಗ ಕಡಿಮೆಯಾಗತೊಡಗಿತು. ಕೊಕ್ಕಿನ ಕರುಕರು ಸದ್ದು ಕೇಳಿದರೂ ನಾನು ಕಿವುಡಿಯ ಹಾಗೆ ಓದುತ್ತಲೇ ಇದ್ದೆ. ಒಂದು ಮಧ್ಯಾಹ್ನ ಯಾವುದೋ ಉದ್ದನೆಯ ಒತ್ತಕ್ಷರದ ಪದದಲ್ಲಿ ಸಿಕ್ಕಿಕೊಂಡು ಗಂಟಲು ಸರಿಮಾಡಿಕೊಂಡೆ, "ಹ್ಹೆಂ!" ಹಿಂದಿನಿಂದ ಅದೇ ಹದದಲ್ಲಿ ಇನ್ನೊಂದು: "ಹ್ಹೆಂ!" ತಿರುಗಲಿಲ್ಲ. ಪದವನ್ನು ಮುಗಿಸಿ ಮುಂದಿನ ಸಾಲಿಗೆ ಹೋದೆ. ಕಣ್ಣಲ್ಲಿ ನೀರಿದ್ದರಿಂದ ಆ ಸಾಲಿನಲ್ಲಿ ಏನಿತ್ತೋ ಗೊತ್ತಿಲ್ಲ.

ಅಂತೂ ಯಜಮಾನಿ ನನ್ನ ಮಡಿಲಿನವರೆಗೆ ಬಂದಳು. ಆದರೆ ನನ್ನ ಮಡಿಲಿಗೆ ಬಂದರೆ ಆಯಿತೇ? ಮಗಳು ಪರದೆಯಾಚೆ ಕೆಮ್ಮಿದರೂ ಸಾಕು, ದುಡುದುಡು ಓಡಿ ಪಂಜರ ಸೇರಿ ಎದೆಯ ಪುಕ್ಕಕ್ಕೆ ಬಾಯಿ ಹಾಕುತ್ತಿದ್ದಳು. ಇಬ್ಬರ ನಡುವಿನದು ಹಾಗೇ ಉಳಿದಿತ್ತು. ಅದು ಸರಿಹೋಗದೆ ಯಜಮಾನಿ ಈ ಮನೆಯಲ್ಲಿ ಉಳಿಯುವಂತಿರಲಿಲ್ಲ.

ಆ ಹೊತ್ತಿಗೆ ಅಂಗಡಿಗೆ ಒಂದು ಪುಟ್ಟ ಹೆಣ್ಣುಮಗು ಬಂತು. ಅಪ್ಪನ ಕಾಲಿಗೆ ಜೋತುಬಿದ್ದು, ಬೀದಿಗೆಲ್ಲ ಕೇಳುವ ಹಾಗೆ ಅಳು. ಮಗಳು ಎಂದಿನ ಹಾಗೆ ತಾನೇ ಕುರ್ಚಿಯಲ್ಲಿ ಕೂತಳು, ಬಟ್ಟೆ ಹೊದ್ದಳು, ಮೊಂಡು ಕತ್ತರಿ ಕೊಟ್ಟಳು. ಕಚಕ್. ಹಣೆಗೂದಲಿನ ಇನ್ನೊಂದು ಎಳೆ ಹೋಯಿತು. ಮಗು ಮೂಗೊರೆಸಿಕೊಂಡು, "ಈಗ ನಾನು," ಅಂತ ಕುರ್ಚಿ ಹತ್ತಿತು.

ಮಗು ಹೋದ ಮೇಲೆ ಕೂದಲು ಗುಡಿಸುತ್ತಾ ಕೇಳಿದೆ: "ಕತ್ತರಿ ಇಡೋ ಮುಂಚೆ ಈ ಮಗೂನ ನೀನು ಒಪ್ಪಿಸ್ದೆ. ಯಜಮಾನೀನ ಕೇಳಿದ್ಯೇನೇ?"

ಅವಳು ಬಾಚಣಿಗೆ ತೊಳೆಯುತ್ತಿದ್ದವಳು ನಿಂತಳು.

"ಅವಳು ನನ್ನವಳು ಅಂತ ಕೇಳ್ಲಿಲ್ಲಮ್ಮ," ಅಂದಳು. "ನನ್ನವಳಿಗೇನು ಕೇಳೋದು ಅಂತ."

ಅಂದಿನಿಂದ ಅವಳೂ ಬಾಗಿಲ ಬಳಿಯಿಂದ ಶುರುಮಾಡಿದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಂದು, ಯಜಮಾನಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರುವಳು. ಟವೆಲ್ ಮಡಿಸುವಳು. ಮಡಿಸಿದ ಪ್ರತಿಯೊಂದು ಟವೆಲ್‌ನ ಮೇಲೂ ಒಂದು ಬಾದಾಮಿ ಇಟ್ಟು, ಹಿಂದಕ್ಕೆ ತಳ್ಳಿ, ಎದ್ದು ಹೋಗುವಳು. ಮೊದಲು ಬಾದಾಮಿಗಳು ಹಾಗೇ ಇರುತ್ತಿದ್ದವು. ಆಮೇಲೆ ಅವಳು ಹೋದ ಮೇಲೆ ಮಾಯವಾಗತೊಡಗಿದವು. ಆಮೇಲೆ ಅವಳು ಇರುವಾಗಲೇ. ಬಿಳಿ ಟವೆಲ್ ಅಂದರೆ ಹಿಡಿಯುವ ಬಟ್ಟೆ ಅನ್ನುವುದು ಹೋಗಿ, ತಿಂಡಿಯ ತಟ್ಟೆ ಅನ್ನುವುದು ಯಜಮಾನಿಯ ತಲೆಗೆ ಹತ್ತಿತು. ಪುಕ್ಕ ಕೀಳುವುದೂ ಕಡಿಮೆಯಾಯಿತು. ಎದೆಯಲ್ಲಿ ಹತ್ತಿಯಂಥ ಹೊಸ ಪುಕ್ಕ ಕಂಡಿತು. ಆದರೆ ಕೈ ಕಂಡರೆ ಇನ್ನೂ ನಡುಕ. ಪರದೆ ಸರಿಸಿ ಅಂಗಡಿಯ ಕನ್ನಡಿ ಕಂಡರಂತೂ ಗೋಡೆಗೆ ಮುಖ.

ಅಷ್ಟರಲ್ಲಿ ಆ ಹಕ್ಕಿ ಸಾಕುವ ಹೆಂಗಸಿನ, ನಮ್ಮ ಬಾಯಲ್ಲಿ ಹಕ್ಕಿಯಮ್ಮನ, ಗೂಡಿನ ಸೂರು ಮುಗಿಯಿತು.

ಬೆಳಗಿನ ಹೊತ್ತು ಬಂದರು. ಎತ್ತರದ ಹೆಂಗಸು, ಬೂಟಿಗೆ ಮಣ್ಣು, ಕೈಯಲ್ಲಿ ಗಾಳಿಕಿಂಡಿಯಿರುವ ಪೆಟ್ಟಿಗೆ. ಅವರನ್ನು ದ್ವೇಷಿಸಬೇಕು ಅಂತ ನಾನು ಸಿದ್ಧಳಾಗಿದ್ದೆ; ಆದರೆ ಅವರು ಒಳಗೆ ಬಂದವರೇ ದನಿ ತಗ್ಗಿಸಿ, "ಎಲ್ಲಿದಾಳೆ ನಮ್ಮಮ್ಮ? ಹೆದರಿಸೋದು ಬೇಡ, ನಿಧಾನಕ್ಕೆ ಹೋಗೋಣ," ಅಂದಾಗ ಆ ದ್ವೇಷವೂ ಕೈಕೊಟ್ಟಿತು. ಬೇಕರಿಯವನೂ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತ.

"ಹೇಗೆ ಹಾಕ್ತೀರಿ ಪೆಟ್ಟಿಗೆಗೆ?" ಕೇಳಿದಳು ಮಗಳು.

"ಟವೆಲ್‌ನಲ್ಲಿ ಸುತ್ತಿ. ಕಣ್ಣು ಮಿಟುಕಿಸೋದರಲ್ಲಿ ಮುಗಿಸ್ತೀನಿ, ನನಗೆ ಅಭ್ಯಾಸ ಇದೆ."

ಟವೆಲ್ ಅಂದ ಕೂಡಲೇ ಮಗಳ ಮುಖದ ಬಣ್ಣ ಹೋಯಿತು. ಬಾದಾಮಿ ಇಟ್ಟು ಇಟ್ಟು ಸರಿಮಾಡಿದ ಟವೆಲ್ ಅದು. ನನ್ನ ಕಡೆ ನೋಡಿದಳು. ಅವಳು ಹಕ್ಕಿಯಮ್ಮನಿಗೆ ಕೈಮುಗಿದು, "ಒಂದೇ ಒಂದು ಕೆಲಸ ಬಾಕಿ ಇದೆ. ಅದು ಮಾಡಿಬಿಡ್ತೀನಿ. ಆಗಲಿಲ್ಲ ಅಂದ್ರೆ ನೀವು ಹೇಳಿದ ಹಾಗೆ," ಅಂದಳು.

ಹೋಗಿ ಹಿಂದಿನ ಕೋಣೆಯ ಪರದೆಯನ್ನು ಪೂರ್ತಿ ಸರಿಸಿ ಕಟ್ಟಿದಳು. ಪಂಜರದ ಬಾಗಿಲು ತೆರೆದೇ ಇತ್ತು. ಫ್ಯಾನಿನ ಗುಂಡಿ ಒತ್ತಿ ನಿಲ್ಲಿಸಿದಳು. ಬಂದು ಕುರ್ಚಿಯಲ್ಲಿ, ಯಜಮಾನಿಯನ್ನು ಕೂರಿಸಿದ್ದ ಅದೇ ಕುರ್ಚಿಯಲ್ಲಿ ಕೂತು, ಅಂಥದ್ದೇ ಬಿಳಿ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು, ಮೇಲೆ ಬಟ್ಟೆ ಹೊದ್ದು, ಕೈ ಎರಡೂ ಬಟ್ಟೆಯೊಳಗೆ ಅಡಗಿಸಿಕೊಂಡಳು.

"ಅಮ್ಮಾ, ನಂಗೆ ಕಟಿಂಗ್ ಮಾಡು."

"ನನಗೆಲ್ಲಿ ಬರುತ್ತೇ?"

"ಮಕ್ಕಳಿಗೆ ಬರುತ್ತಾ? ಮಾಡು. ಒಳ್ಳೆ ಕತ್ತರಿ ತಗೋ, ಸದ್ದು ಚೆನ್ನಾಗಿ ಬರ್ಲಿ."

ಜೀವಮಾನದಲ್ಲಿ ಕತ್ತರಿಯನ್ನು ತೊಳೆದಿದ್ದೆನೇ ಹೊರತು ಯಾರ ತಲೆಗೂ ಇಟ್ಟವಳಲ್ಲ. ಕಚ್. ಕಿವಿಯ ಮೇಲಿನ ಒಂದು ಗೊಂಚಲು ಬಿತ್ತು. ಬೇಕರಿಯವನು, "ಅಯ್ಯೋ ದೇವರೇ," ಅಂದ.

"ನೀನು ಬಾಯಿ ಮುಚ್ಕೋ. ಕೂದಲಿದ್ದೋರ ವಿಷಯ ನಿನಗ್ಯಾಕೆ?" ಅಂದಳು ಮಗಳು, ಅಲ್ಲಾಡದೆ. ಕಣ್ಣು ಮಾತ್ರ ಕೆಳಗೆ ನೆಟ್ಟಿತ್ತು. ಹಿಂದಿನ ಕೋಣೆಯ ಕಡೆ ತಪ್ಪಿಯೂ ನೋಡಲಿಲ್ಲ.

ಕಚ್, ಕಚ್. ನಾನು ಕತ್ತರಿಸಿದೆ. ಒಂದು ಕಡೆ ಗಿಡ್ಡವಾಯಿತು; ಸಮ ಮಾಡಲು ಹೋದರೆ ಇನ್ನೊಂದು ಕಡೆ ಅದಕ್ಕಿಂತ ಗಿಡ್ಡ. ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಕ್ಕಿಯಮ್ಮ ಪೆಟ್ಟಿಗೆಯನ್ನು ಕೆಳಗಿಡಲೂ ಮರೆತು ನಿಂತಿದ್ದರು.

ಆಗ ಕೇಳಿತು: ಟಕ್, ಟಕ್, ಟಕ್. ಉಗುರು ನೆಲಕ್ಕೆ ತಾಗುವ ಸದ್ದು.

ಯಜಮಾನಿ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಕನ್ನಡಿಯ ಕಡೆಗಲ್ಲ ಅವಳ ನೋಟ, ಕುರ್ಚಿಯ ಕಡೆಗೆ. ಟವೆಲ್‌ನಲ್ಲಿ ಸುತ್ತಿಕೊಂಡು ಕೂತ ಮಗಳ ಕಡೆಗೆ. ಅವಳ ತಲೆಯ ಮೇಲೆ ಕತ್ತರಿ ಆಡಿಸುತ್ತಿದ್ದ ನನ್ನ ಕಡೆಗೆ. ಪುಕ್ಕವೆಲ್ಲ ಒಮ್ಮೆಗೇ ಉಬ್ಬಿತು. ಹೆದರಿದಾಗ ಅವಳು ತೆಳ್ಳಗಾಗುತ್ತಾಳೆ; ಹೀಗೆ ದಪ್ಪಗಾಗುವುದು ಸಿಟ್ಟು ಬಂದಾಗ. ನನಗೆ ಅರ್ಥವಾಗುವ ಮುಂಚೆಯೇ ಅವಳು ಕೂದಲಿನ ರಾಶಿ ದಾಟಿ, ತಲೆ ಮುಂದೆ ಚಾಚಿ, ಬಾಡಿಗೆ ಕೇಳಲು ಬಂದ ಮನೆಯೊಡತಿಯ ಹಾಗೆ ದಡದಡ ನಡೆದು ಬಂದಳು. ಹೊದ್ದ ಬಟ್ಟೆಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು, ಒಂದೊಂದೇ ಹೆಜ್ಜೆ, ಮಂಡಿ, ತೊಡೆ, ತೋಳು, ಮೇಲೆ ಹತ್ತಿದಳು.

ಮಗಳು ಅಲ್ಲಾಡಲಿಲ್ಲ. ಬಟ್ಟೆಯೊಳಗಿನ ಕೈ ಹೊರಗೆ ಬರಲಿಲ್ಲ.

ಯಜಮಾನಿ ಎಡಭುಜ ತಲುಪಿದಳು. ತಲುಪಿದವಳೇ ಕತ್ತರಿಯ ಹಿಡಿಯನ್ನು ಕಟಕ್ ಅಂತ ಕಚ್ಚಿದಳು. ನಾನು ಕೈ ಬಿಟ್ಟೆ. ಕತ್ತರಿ ನೆಲಕ್ಕೆ ಬಿತ್ತು.

"ಆಯ್ತು!" ಅಂದಳು ನನಗೆ, ಮಗಳದೇ ದನಿಯಲ್ಲಿ, ಬೈಯುವ ಹಾಗೆ. "ಆಯ್ತು! ಆಯ್ತು! ಆಯ್ತು!"

"ಆಯ್ತು ತಾಯಿ, ಆಯ್ತು," ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಮಗಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ಬೆರಳನ್ನು ಮಾತ್ರ ಬಟ್ಟೆಯ ಅಂಚಿನಿಂದ ಮೆಲ್ಲಗೆ ಹೊರಗೆ ತಂದು, ಹಾಗೇ ಇಟ್ಟುಕೊಂಡಳು. ಚಾಚಲಿಲ್ಲ, ಮುಟ್ಟಲಿಲ್ಲ. ಯಜಮಾನಿ ಆ ಬೆರಳನ್ನು ಒಂದು ಕಣ್ಣಿನಿಂದ ನೋಡಿದಳು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿದಳು. ಆಮೇಲೆ ಬಗ್ಗಿ, ತನ್ನ ಹಣೆಯನ್ನು ಅದಕ್ಕೆ ಒತ್ತಿದಳು. ಕೆರಿ ಅನ್ನುವ ಹಾಗೆ.

ಬೇಕರಿಯವನು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡ.

ಕೆರೆಸಿಕೊಂಡು ತೃಪ್ತಿಯಾದ ಮೇಲೆ ಯಜಮಾನಿ ತಲೆ ಎತ್ತಿದಳು. ಎದುರಿಗೆ ದೊಡ್ಡ ಕನ್ನಡಿ. ಅವಳು ದಿಟ್ಟಿಸಿ ನೋಡಿದಳು. ಒಳಗೆ ಅವಳ ಗೆಳತಿ ಇದ್ದಳು. ಯಾರೂ ಅವಳನ್ನು ಹಿಡಿದಿರಲಿಲ್ಲ. ಅವಳ ಪಾಡಿಗೆ ಅವಳು ಒಂದು ಭುಜದ ಮೇಲೆ ಕೂತಿದ್ದಳು. ಯಜಮಾನಿ ತಲೆ ಬಾಗಿಸಿದಳು. ಗೆಳತಿಯೂ ಬಾಗಿಸಿದಳು. ನಂತರ ಯಜಮಾನಿ ಮಗಳ ಹಾಳಾದ ಕೂದಲಿನ ಕಡೆ ತಿರುಗಿ, ಒಂದೊಂದೇ ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ನೀವಿ ನೀವಿ, ನಾನು ಕೆಡಿಸಿದ್ದನ್ನು ಸರಿಮಾಡಲು ಕೂತಳು. ಸಾಕಷ್ಟು ಹೊತ್ತು ಮಾಡಿದಳು. ಕೊನೆಗೆ ಹಿಂದಕ್ಕೆ ಬಾಗಿ, ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡು ಅಂದಳು:

"ನೋಡ್ಕೊಳ್ಳಿ!"

ಮಗಳು ನೋಡಿಕೊಂಡಳು. ಒಂದು ಕಿವಿ ಮುಚ್ಚಿ ಒಂದು ಕಿವಿ ಬಯಲಾಗಿದ್ದ ತನ್ನ ತಲೆಯನ್ನೂ, ಭುಜದ ಮೇಲಿದ್ದವಳನ್ನೂ ನೋಡಿಕೊಂಡು, ಅಳುತ್ತಲೇ ಗಹಗಹಿಸಿ ನಕ್ಕಳು. ಯಜಮಾನಿಯೂ ಅದೇ ನಗು ನಕ್ಕಳು. ಎಷ್ಟೋ ದಿನದಿಂದ ಕೇಳದ ನಗು. ಯಾವ ನಗು ಯಾರದ್ದು ಅಂತ ಹೇಳಲಾಗಲಿಲ್ಲ.

ಹಕ್ಕಿಯಮ್ಮ ಪೆಟ್ಟಿಗೆಯನ್ನು ಕೊನೆಗೂ ಕೆಳಗಿಟ್ಟರು. ಕಾಲಿನಿಂದ ಅದನ್ನು ಬೆಂಚಿನಡಿಗೆ ತಳ್ಳಿ, ಬೆಂಚಿನ ಮೇಲೆ ಕೂತರು.

"ಅಷ್ಟು ದೂರದಿಂದ ಬಂದಿದೀನಿ, ಸುಮ್ಮನೆ ಯಾಕೆ ಹೋಗ್ಲಿ? ನನ್ನ ತಲೇನೂ ಕಾಡಾಗಿದೆ," ಅಂದರು. ನನ್ನ ಕಡೆ ನೋಡಿ, "ಮಾಡೋದು ಮಾತ್ರ ಮಗಳೇ ಮಾಡ್ಲಿ," ಅಂತ ಸೇರಿಸಿದರು.

ಅಂದು ಬಂದ ಗಿರಾಕಿಗಳೆಲ್ಲ ಮಗಳ ತಲೆ ನೋಡಿ ಬೆಚ್ಚಿದರು. "ಯಾರಮ್ಮ ಈ ಕೆಲಸ ಮಾಡಿದ್ದು?" ಅಂತ ಕೇಳಿದವರಿಗೆಲ್ಲ ಅವಳು ನನ್ನನ್ನು ತೋರಿಸಿದಳು. ಸರಿಮಾಡಿಕೋ ಅಂದರೆ ಒಪ್ಪಲಿಲ್ಲ. ತಾನಾಗಿ ಬೆಳೆಯುವವರೆಗೆ ಆ ತಲೆಯನ್ನು ಕಿರೀಟದ ಹಾಗೆ ಹೊತ್ತು ತಿರುಗಿದಳು. ಎಡಭುಜದ ಮೇಲೆ ಯಜಮಾನಿ.

ಕಾಲ ಕಳೆದು ಕತ್ತರಿಸಿದ ಗರಿಗಳು ಉದುರಿ ಹೊಸವು ಬಂದವು. ಎದೆಯ ಪುಕ್ಕ ತುಂಬಿಕೊಂಡಿತು. ಚಾವಣಿಯ ಫ್ಯಾನು ಬಿಚ್ಚಿಸಿ, ಬಲೆಯಿರುವ ಗೋಡೆ ಫ್ಯಾನು ಹಾಕಿಸಿದೆವು. ರೆಕ್ಕೆಗೆ ಇನ್ನು ಯಾರೂ ಕತ್ತರಿ ಇಡುವುದಿಲ್ಲ ಅಂತ ತೀರ್ಮಾನವಾಯಿತು. ಆದರೆ ಉಗುರು ಬೆಳೆಯದೆ ಬಿಡುತ್ತದೆಯೇ? ಮತ್ತೆ ಕೊಕ್ಕೆಯಾದವು. ಬೇಕರಿಯವನು, "ನನ್ನ ಕೈ ಮಾತ್ರ ಕೇಳ್ಬೇಡಿ," ಅಂತ ಮೊದಲೇ ಎರಡೂ ಕೈ ಜೇಬಿಗೆ ಹಾಕಿಕೊಂಡ.

ಯಾರ ಕೈಯೂ ಬೇಕಾಗಲಿಲ್ಲ. ಮಗಳು ಉಗುರು ಉಜ್ಜುವ ಅರವನ್ನು ದಿನಾ ಹಲಗೆಯ ಮೇಲೆ ಬಾದಾಮಿಯ ಪಕ್ಕದಲ್ಲಿ ಇಡುತ್ತಿದ್ದಳು. ಯಜಮಾನಿ ಅದನ್ನು ಕಚ್ಚಿ ನೋಡಿದಳು, ಬೀಳಿಸಿ ನೋಡಿದಳು. ಮಗಳು ತನ್ನ ಉಗುರು ಉಜ್ಜಿಕೊಂಡಳು, ನನ್ನದು ಉಜ್ಜಿದಳು. ಒಂದು ಬೆಳಿಗ್ಗೆ ಬೇಕರಿಯವನ ಅರ್ಧ ಗಡ್ಡ ಆಗಿತ್ತು, ಇನ್ನರ್ಧ ನೊರೆಯಲ್ಲಿತ್ತು. ಆಗ ಯಜಮಾನಿ ಹಲಗೆಯ ಮೇಲೆ ನಡೆದು ಬಂದು, ಮಗಳ ಮುಂದೆ ನಿಂತು, ಒಂದು ಕಾಲು ಎತ್ತಿ ಹಿಡಿದಳು.

"ನಿಂದು ಆಮೇಲೆ," ಅಂದಳು ಮಗಳು ಬೇಕರಿಯವನಿಗೆ.

"ಅವಳದೇ ಆಗ್ಲಿ, ಅವಳದೇ ಆಗ್ಲಿ," ಅಂದ ಅವನು ನೊರೆಯೊಳಗಿಂದ.

"ಮಾಡ್ಲಾ?" ಅಂತ ಮಗಳು ಕೇಳಿದಳು. ಎತ್ತಿದ ಕಾಲು ಹಾಗೇ ಇತ್ತು. ಟವೆಲಿಲ್ಲ, ಹಿಡಿತವಿಲ್ಲ, ಅವಳ ಬೆರಳಿನ ಮೇಲೆ ಯಜಮಾನಿಯ ಬೆರಳು, ಅಷ್ಟೇ. ಒಂದು ಉಗುರು ಉಜ್ಜಿ ನಿಲ್ಲಿಸಿದಳು, ಕಾದಳು. ಮತ್ತೊಂದು. ಮತ್ತೆ ಕಾದಳು. ಒಂದು ಕಾಲು ಮುಗಿದಾಗ ಯಜಮಾನಿ, "ಆಯ್ತು!" ಅಂತ ಘೋಷಿಸಿ ರೆಕ್ಕೆ ಬಿಚ್ಚಿದಳು.

ನಾವು ಯಾರೂ ತಡೆಯಲಿಲ್ಲ. ಹೊಸ ರೆಕ್ಕೆಯ ಗಾಳಿಗೆ ನಾನು ಗುಡಿಸಿದ್ದ ಕೂದಲೆಲ್ಲ ಎದ್ದು ಹಾರಿತು, ಬೇಕರಿಯವನ ನೊರೆಗೆ ಅಂಟಿಕೊಂಡಿತು. ಅಂಗಡಿಯ ಈ ತುದಿಯಿಂದ ಆ ತುದಿಗೆ ಅವಳು ಹಾರಿದಾಗ ಎರಡೂ ಗೋಡೆಯ ಕನ್ನಡಿಗಳೊಳಗೆ, ಒಂದರೊಳಗೆ ಒಂದಾಗಿ, ಲೆಕ್ಕವಿಲ್ಲದಷ್ಟು ಯಜಮಾನಿಯರು ಕೆಂಪು ಬಾಲ ಬೀಸಿಕೊಂಡು ಒಟ್ಟಿಗೆ ಹಾರಿದರು. ಒಂದು ಸುತ್ತು, ಎರಡನೆಯ ಸುತ್ತು. ಮಗಳು ಅರ ಹಿಡಿದ ಕೈಯನ್ನು ಎತ್ತದೆ, ಕರೆಯದೆ, ಬಾಯಿ ತೆರೆದು ನೋಡುತ್ತಾ ನಿಂತಿದ್ದಳು.

ಯಜಮಾನಿ ಎಡಭುಜಕ್ಕೆ ಬಂದು ಇಳಿದಳು. ರೆಕ್ಕೆ ಮಡಿಸಿಕೊಂಡಳು. ಇನ್ನೊಂದು ಕಾಲು ಎತ್ತಿ ಹಿಡಿದಳು.